ಮನೆ ಎದುರಿನ 58 ಮೀಟರ್: ಕಡಲ್ಕೊರೆತದ ಜೊತೆ ಮೂರು ವರ್ಷದ ಕೆಲಸದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನಾನು ಕಟ್ಟಿದ ಮೊದಲ ಗೋಡೆ ನಿಂತದ್ದು ಬರೀ 24 ದಿನ. ಬೀಳುವಾಗ ಅದು ಪಕ್ಕದ ಮನೆ ಮಾವನ ಒಂದು ತೆಂಗಿನ ಮರವನ್ನು ಕಡಲಿಗೆ ಕಳಿಸಿತು. ಕಾಯಿ ಬಿಡುತ್ತಿದ್ದ ಮರ. ಹಾಗಾಗಿ ಇದನ್ನು ಓದಿ ಯಾರಾದರೂ ಮನೆ ಎದುರು ಏನಾದರೂ ಮಾಡಲು ಹೊರಟರೆ, ಚೀಲದ ಗೋಡೆಯ ಭಾಗವನ್ನು ಮಾತ್ರ ಬಿಡದೆ ಓದಿ. ಉಳಿದದ್ದು ನಿಮ್ಮಿಷ್ಟ.

ನಮ್ಮ ಮನೆ ಕುಂದಾಪುರಕ್ಕೂ ಮರವಂತೆಗೂ ನಡುವೆ, ಹೆದ್ದಾರಿಯಿಂದ ಪಡುವಕ್ಕೆ ಇಳಿದರೆ ಸಿಗುತ್ತದೆ. ಕಡಲ ಮುಖಕ್ಕೆ ನಮ್ಮದು 22 ಮೀಟರ್ ಜಾಗ. ತೆಂಕು ಬದಿಯಲ್ಲಿ ಮಾವನ ಮನೆ, 18 ಮೀಟರ್. ಬಡಗು ಬದಿಯಲ್ಲಿ ಅಕ್ಕನ ಮನೆ, ಅದೂ 18. ಒಟ್ಟು 58. ಮಾವ, ಅಕ್ಕ ಅಂದರೆ ರಕ್ತಸಂಬಂಧವೇನಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಇಂಜಿನಿಯರಿಂಗ್ ಓದಿದವನಲ್ಲ. ಟೇಪ್ ಹಿಡಿಯಲು ಬರುತ್ತದೆ, ಲೆಕ್ಕ ಬರೆದಿಡುವ ಚಾಳಿ ಇದೆ, ಅಷ್ಟೇ.

2023 ಜುಲೈ 4: ಮೊದಲ ಅಳತೆ

ಆ ವರ್ಷ ಜೂನ್‌ನಲ್ಲಿ ಬಿಪರ್ಜಾಯ್ ಚಂಡಮಾರುತ ಗುಜರಾತ್ ಕಡೆ ಹೋಯಿತು. ಹೋಗುವಾಗ ನಮ್ಮ ಕಡಲನ್ನೂ ಎಬ್ಬಿಸಿ ಹೋಯಿತು. ಅದರ ಬೆನ್ನಿಗೇ ಮಳೆಗಾಲ. ಜುಲೈ 3ರ ಹುಣ್ಣಿಮೆಯ ರಾತ್ರಿ ಅಂಗಳದ ತುದಿಯಲ್ಲಿ ಹೊಯ್ಗೆ ದಪ್ಪೆ ದಪ್ಪೆಯಾಗಿ ಕುಸಿಯುವ ಸದ್ದು ಮನೆಯೊಳಗೆ ಕೇಳಿಸಿತು. ಮರಳಿಗೆ ನಮ್ಮ ಕಡೆ ಹೊಯ್ಗೆ ಅನ್ನುತ್ತೇವೆ. ಬೆಳಿಗ್ಗೆ ಎದ್ದು ಬಾವಿಕಟ್ಟೆಯಿಂದ ಕೊರೆತದ ಅಂಚಿಗೆ ಟೇಪ್ ಹಿಡಿದೆ. 17.2 ಮೀಟರ್. ನಾನು ಹೈಸ್ಕೂಲಿನಲ್ಲಿದ್ದಾಗ ಬಾವಿಯ ಆಚೆ ವಾಲಿಬಾಲ್ ಅಂಕಣ ಇತ್ತು, ಅದರಾಚೆಗೂ ಎರಡು ಸಾಲು ತೆಂಗು ಇತ್ತು.

ಬಾವಿಕಟ್ಟೆಯಿಂದಲೇ ಅಳೆಯಬೇಕೆಂದು ಅವತ್ತು ಸುಮ್ನೆ ತೋಚಿದ್ದು. ಆದರೆ ಮೂರು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ಜರುಗದ ಒಂದು ಗುರುತು ಬೇಕು. ತೆಂಗಿನ ಮರದಿಂದ ಅಳೆಯಬೇಡಿ, ಮರ ಹೋದರೆ ಲೆಕ್ಕವೂ ಹೋಗುತ್ತದೆ.

2023 ಜುಲೈ 8, 9: ಚೀಲದ ಗೋಡೆ

ಗಾಬರಿಯಲ್ಲಿ ಮಾಡಿದ ಕೆಲಸ. ಎಲ್ಲರೂ ಮಾಡುವುದೂ ಇದನ್ನೇ.

ಹಳೆಯ ಸಿಮೆಂಟ್ ಚೀಲ 380, ಒಂದಕ್ಕೆ 8 ರೂಪಾಯಿಯಂತೆ 3,040. ಬಾಯಿ ಹೊಲಿಯಲು ಗೋಣಿ ದಬ್ಬಣ ಮನೆಯಲ್ಲೇ ಇತ್ತು, ಸುತಳಿಗೆ 180. ಬೋಟಿಗೆ ಹೋಗುವ ಇಬ್ಬರು ಹುಡುಗರು ಖಾಲಿ ಇದ್ದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ. ಇಬ್ಬರಿಗೆ ಎರಡು ದಿನಕ್ಕೆ 3,600. ಒಟ್ಟು 6,820.

ಕೊರೆತದ ಅಂಚಿನ ಬುಡದಲ್ಲಿ, ನಮ್ಮ 22 ಮೀಟರ್ ಉದ್ದಕ್ಕೂ ಚೀಲ ಪೇರಿಸಿದೆವು. ಕೆಳಗಿನ ನಾಲ್ಕು ವರಸೆ ಜೋಡಿ ಚೀಲ, ಮೇಲಿನ ನಾಲ್ಕು ಒಂಟಿ. ಎತ್ತರ ಒಂದು ಮೀಟರ್ ಚಿಲ್ಲರೆ. ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಇಟ್ಟಿದ್ದೆ. ನೋಡಲು ಚಂದ ಇತ್ತು. ಫೋಟೋ ಕೂಡ ತೆಗೆದೆ.

ಈಗ ತಪ್ಪುಗಳು.

ಒಂದು, ಹೊಯ್ಗೆ ಎಲ್ಲಿಂದ ತುಂಬಿದೆವು? ಗೋಡೆಯ ಎದುರಿನಿಂದಲೇ. ಚೀಲಕ್ಕೆ 50 ಕೆಜಿ ಲೆಕ್ಕ ಹಾಕಿದರೆ 19 ಟನ್, ಹೆಚ್ಚುಕಡಿಮೆ 12 ಘನ ಮೀಟರ್. ಕಡಲು ಬರಬಾರದೆಂದು ಗೋಡೆ ಕಟ್ಟಿ, ಅದು ಬರಲು ಎದುರಿಗೆ ಗುಂಡಿಯನ್ನೂ ತೋಡಿಕೊಟ್ಟೆವು. ಸಿಆರ್‌ಝೆಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಪ್ರಕಾರ ಕಡಲ ದಂಡೆಯಲ್ಲಿ ಹೊಯ್ಗೆ ತೆಗೆಯುವಂತೆಯೂ ಇಲ್ಲ. ಅದು ಆಮೇಲೆ ಪಂಚಾಯ್ತಿಯಲ್ಲಿ ಒಬ್ಬರು ಹೇಳಿದಾಗ ತಲೆಗೆ ಹೋಯಿತು.

ಎರಡು, ಚೀಲದ ತೂಕ. ಒದ್ದೆ ಹೊಯ್ಗೆ ತುಂಬಿದ ಚೀಲ ಎತ್ತಿದರೆ ಸೊಂಟ ಹಿಡಿಯುತ್ತದೆ, ಇದು ಎಲ್ಲಿಗೂ ಹೋಗಲ್ಲ ಅನಿಸುತ್ತದೆ. ನೀರಲ್ಲಿ ಮುಳುಗಿದರೆ ಅದೇ ಚೀಲದ ತೂಕ ಅರ್ಧಕ್ಕೆ ಇಳಿಯುತ್ತದೆ. ತೆರೆ ಅದನ್ನು ದಿಂಬಿನ ಹಾಗೆ ಉರುಳಿಸುತ್ತದೆ.

ಮೂರನೆಯದು ಬುಡ. ಜುಲೈ 17ರ ಅಮಾವಾಸ್ಯೆಯ ಸಂಜೆ ಕೊಡೆ ಹಿಡಿದು ಗೋಡೆಯ ಪಕ್ಕ ನಿಂತು ನೋಡಿದೆ. ತೆರೆ ಬಂದು ಚೀಲಕ್ಕೆ ಬಡಿಯುವುದರಿಂದ ಏನೂ ಆಗುತ್ತಿರಲಿಲ್ಲ. ಬಡಿದ ನೀರು ಕೆಳಗೆ ಬಿದ್ದು ವಾಪಸು ಹೋಗುವಾಗ, ಕೆಳಗಿನ ಚೀಲದ ಅಡಿಯಿಂದ ಹೊಯ್ಗೆಯನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಮೊದಲು ಕೈಬೆರಳು ತೂರುವಷ್ಟು ಸಂದು. ಹತ್ತು ತೆರೆ ಆಗುವಾಗ ಅಂಗೈ ತೂರಿತು. ಅರ್ಧ ಗಂಟೆಯಲ್ಲಿ ಚಪ್ಪಲಿ ಕಾಲು ಹೋಗುವಷ್ಟಾಯಿತು. ಇಳಿಜಾರು ದಂಡೆಯಲ್ಲಾದರೆ ತೆರೆ ಹತ್ತುತ್ತಾ ಹತ್ತುತ್ತಾ ಸುಸ್ತಾಗುತ್ತದೆ. ನೆಟ್ಟಗಿನ ಗೋಡೆ ಎದುರಾದರೆ ಅದರ ಸಿಟ್ಟೆಲ್ಲ ಬುಡಕ್ಕೆ ಇಳಿಯುತ್ತದೆ.

ಮರುದಿನ ಗೋಡೆ ಕಡಲಿಗೆ ಬಾಗಿತು. ಆಗಸ್ಟ್ 1ರ ಹುಣ್ಣಿಮೆ ಕಳೆದು 2ನೇ ತಾರೀಖು ಬೆಳಿಗ್ಗೆ ನೋಡುವಾಗ ಅರ್ಧಕ್ಕರ್ಧ ಮಲಗಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು, ಗೋಡೆಯ ತುದಿ. ಗೋಡೆ ಇದ್ದ ಕಡೆ ನೀರಿಗೆ ದಾರಿ ಸಿಗಲಿಲ್ಲ. ಅದು ತೆಂಕು ತುದಿಗೆ ಸುತ್ತಿ, ಮಾವನ ಜಾಗವನ್ನು ಕುಡುಗೋಲಿನಲ್ಲಿ ಕೊಯ್ದ ಹಾಗೆ ಒಳಗೆ ಕಡಿಯಿತು. ಗೋಡೆಯ ತುದಿಯಿಂದ ಎರಡೂವರೆ ಮೀಟರ್ ಆಚೆಗಿದ್ದ ಆ ತೆಂಗಿನ ಮರದ ಬೇರು ಜುಲೈ ಕೊನೆಯಲ್ಲೇ ಹೊರಗೆ ಕಾಣುತ್ತಿತ್ತು. ಗೋಡೆ ಬಿದ್ದ ದಿನವೇ ಮರವೂ ಬಿತ್ತು.

ಮಾವ ಬೈಯಲಿಲ್ಲ. ಬಂದು ನೋಡಿದರು. "ನಿನ್ನ ಗ್ವಾಡಿ ನನ್ನ ಮರ ನುಂಗಿತಲ್ಲ ಮಾರಾಯಾ" ಅಂದರು. ನಾನು ಮರದ ಬಾಬ್ತು ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ನಮ್ಮ ಅಂಗಳಕ್ಕೆ ಬರಲೂ ಇಲ್ಲ.

2023 ಅಕ್ಟೋಬರ್ 15: ಚೀಲ ಹೆಕ್ಕುವುದು

ಬಾವಿಕಟ್ಟೆಯಿಂದ ಅಂಚಿಗೆ 13.5 ಮೀಟರ್. ಅಂದರೆ 3.7 ಹೋಗಿದೆ. ಮಾವನ ಕಡೆ, ಅವರ ಬಚ್ಚಲಿನ ಮೂಲೆಯಿಂದ ಅಳೆದರೆ 5.1 ಹೋಗಿದೆ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲಿ ನನ್ನ ಪಾಲು ಎಷ್ಟು ಅನ್ನುವುದನ್ನು ನಾನೇ ಬಲ್ಲೆ.

ಬಿದ್ದ ಚೀಲಗಳನ್ನು ಬಿಟ್ಟುಬಿಡೋಣ, ಹೇಗೂ ಹೊಯ್ಗೆ ತಾನೇ ಅಂದುಕೊಂಡಿದ್ದೆ. ಅದೂ ತಪ್ಪು. ಮೂರು ತಿಂಗಳ ಬಿಸಿಲು ಮಳೆಗೆ ಪ್ಲಾಸ್ಟಿಕ್ ನೂಲು ಪುಡಿಪುಡಿಯಾಗಿತ್ತು. ಚೀಲ ಹಿಡಿದು ಎಳೆದರೆ ಕೈಗೆ ಒಂದು ಮುಷ್ಟಿ ಎಳೆ ಬರುತ್ತದೆ, ಉಳಿದದ್ದು ಹೊಯ್ಗೆಯಲ್ಲೇ ಇರುತ್ತದೆ. ಒಬ್ಬ ಆಳು, ನಾನು, ಮಗಳು ಸೇರಿ ಒಂದು ದಿನ ಹೆಕ್ಕಿದೆವು. ಕೂಲಿ 900. ಸಿಕ್ಕಿದ್ದು ಮುಕ್ಕಾಲು ಪಾಲು ಇರಬಹುದು. ಇವತ್ತಿಗೂ ಅಲ್ಲಿ ಗುದ್ದಲಿ ಹಾಕಿದರೆ ಬಿಳಿ ಎಳೆ ಬರುತ್ತದೆ.

ಜಿಯೋ ಬ್ಯಾಗ್ ಅಂತ ಬಿಸಿಲಿಗೆ ತಡೆಯುವ ದಪ್ಪ ಬಟ್ಟೆಯ ಚೀಲಗಳಿವೆ. ದರ ವಿಚಾರಿಸಿದೆ. ಮೂರು ಮನೆಗೆ ಆಗುವ ಮಾತಲ್ಲ. ಆಗಿದ್ದರೂ ಬುಡ ಮತ್ತು ತುದಿಯ ಕಥೆ ಅದಕ್ಕೂ ಇದ್ದದ್ದೇ.

2023 ಡಿಸೆಂಬರ್: ಬೇರೆಯವರದ್ದು ನೋಡಿದ್ದು

ಒಂದು ಭಾನುವಾರ ಉಳ್ಳಾಲಕ್ಕೆ ಹೋಗಿ ಬಂದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆ ಬಾಗಿಲಿಗೆ ಎರಡು ಕಡೆ ಕಲ್ಲಿನ ದಂಡೆ ಹಾಕಿದ ಮೇಲೆ, ಬಡಗಿನ ಬೆಂಗ್ರೆ ಕಡೆ ಹೊಯ್ಗೆ ನಿಂತಿತು, ತೆಂಕಿನ ಉಳ್ಳಾಲ ಕೊರೆದುಹೋಯಿತು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ರೀಫ್ (ನೀರಡಿಯ ದಿಬ್ಬ) ಮುಳುಗಿಸಿ ಅಲೆಯನ್ನು ಅಲ್ಲೇ ಮುರಿಯುವ ಕೆಲಸ ಮಾಡಿದರು. ಅದೇ ಯೋಜನೆಯಲ್ಲಿ ಮರವಂತೆಗೂ ಕಡಲಿಗೆ ಕೈ ಚಾಚಿದ ಹಾಗೆ ಕಲ್ಲಿನ ಸಾಲು ಬಂತು, ಅದರ ಮೇಲೆ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್. ಮರವಂತೆಯ ಮಾತು ಬೇರೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಒಂದು ಹೆದ್ದಾರಿ. ಅಲ್ಲಿ ಕಲ್ಲು ಬೇಡ ಅನ್ನುವವರಿಗೆ ಬೇರೆ ದಾರಿ ತೋರಿಸಲು ಆಗುವುದಿಲ್ಲ.

ಆದರೆ ಉಳ್ಳಾಲದಲ್ಲಿ ನಿಂತಾಗ ನನಗೆ ಕಂಡದ್ದು ನನ್ನದೇ 22 ಮೀಟರ್. ಅಲ್ಲಿ ಅಳಿವೆ ಬಾಗಿಲು, ಇಲ್ಲಿ ಚೀಲ. ಇಲ್ಲಿ ತಡೆದರೆ ಪಕ್ಕದವನ ಬುಡಕ್ಕೆ ಬರುತ್ತದೆ.

ವಾಪಸು ಬಂದು ಮಾವನ ಮನೆಗೆ ಹೋದೆ. ಮಾಡುವುದಾದರೆ ಮೂರೂ ಮನೆ ಸೇರಿ ಮಾಡೋಣ, ಕೀಳಲು ಆಗದ್ದು ಏನೂ ಬೇಡ ಅಂದೆ. ಕಂಬ, ತೆಂಗಿನ ಮಡಲು, ಬಳ್ಳಿ, ಇಷ್ಟೇ. ಮಾವ ವೀಳ್ಯ ಮಡಚುತ್ತಾ, "ಕಡಲಿಗೆ ಬೇಲಿ ಕಟ್ಟುಕೆ ಹೊರಟ್ಯಾ?" ಅಂತ ನಕ್ಕರು. ನಗಾಡಿದರು, ಸರಿ, ಆದರೆ ಮರುದಿನ ಗಾಳಿ ಮರದ (ಸರ್ವೆ ಮರ) ಕಂಬ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಹೇಳಿದವರೂ ಅವರೇ. ಪಂಚಾಯ್ತಿಗೆ ಮೂವರೂ ಸಹಿ ಹಾಕಿ ಒಂದು ಅರ್ಜಿ ಕೊಟ್ಟೆವು. ಕಟ್ಟಡ ಇಲ್ಲ, ಹೊಯ್ಗೆ ತೆಗೆಯುವುದಿಲ್ಲ, ಮಳೆಗಾಲಕ್ಕೆ ಮೊದಲು ಕಂಬ ಕೀಳುತ್ತೇವೆ ಅಂತ ಬರೆದೆವು.

ಅಳತೆಯ ಎರಡು ಕೋಲು

ಅಂಚಿನ ದೂರ ಮಾತ್ರ ಅಳೆದರೆ ಸಾಲದು, ದಂಡೆಯ ಏರು ತಗ್ಗೂ ಬೇಕು. ಅದಕ್ಕೆ ಲೆವೆಲ್ ಮಿಷನ್ ಬೇಕಿಲ್ಲ. ಎದುರಿಗೆ ಕಡಲು ಇರುವುದೇ ದೊಡ್ಡ ಉಪಕಾರ, ಆಕಾಶ ಕಡಲು ಸೇರುವ ಗೆರೆಯೇ ನಿಮ್ಮ ಲೆವೆಲ್.

ಒಂದೂವರೆ ಮೀಟರಿನ ಎರಡು ಪಿವಿಸಿ ಪೈಪು ತಗೊಳ್ಳಿ. ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಹಾಕಿ. ನಡುವೆ 2 ಮೀಟರ್ ಹಗ್ಗ. ಒಬ್ಬರು ಕಡಲ ಬದಿಯ ಕೋಲು ಹಿಡಿಯುತ್ತಾರೆ, ಇನ್ನೊಬ್ಬರು ದಡದ ಬದಿಯ ಕೋಲಿನ ಹಿಂದೆ ನಿಂತು ನೋಡುತ್ತಾರೆ. ಕಡಲ ಬದಿಯ ಕೋಲಿನ ತುದಿ ಮತ್ತು ದಿಗಂತ ಒಂದೇ ಗೆರೆಗೆ ಬರುವ ಹಾಗೆ ಕಣ್ಣು ಇಳಿಸಿ. ಆ ಗೆರೆ ನಿಮ್ಮ ಕೋಲಿನಲ್ಲಿ ತುದಿಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಮುಟ್ಟುತ್ತದೋ, ಎರಡು ಮೀಟರಿನಲ್ಲಿ ದಂಡೆ ಅಷ್ಟು ಇಳಿದಿದೆ ಎಂದರ್ಥ. ಬರೆದುಕೊಂಡು ಮುಂದಕ್ಕೆ ಹೋಗಿ. ಹತ್ತು ಸಲ ಮಾಡಿದರೆ 20 ಮೀಟರ್ ದಂಡೆಯ ಚಿತ್ರ ಸಿಗುತ್ತದೆ. ಮಗಳು ಎಂಟನೇ ಕ್ಲಾಸು, ಎರಡನೇ ದಿನವೇ ನನಗಿಂತ ಚೆನ್ನಾಗಿ ಓದುತ್ತಿದ್ದಳು.

ತಪ್ಪು: ಮೊದಲ ಎರಡು ಸಲ ಸಂಜೆ ಅಳೆದೆ. ಸೂರ್ಯ ಎದುರಿಗೆ, ದಿಗಂತ ಕಾಣುವುದೇ ಇಲ್ಲ. ಬೆಳಿಗ್ಗೆ ಏಳರಿಂದ ಎಂಟರ ನಡುವೆ, ಇಳಿತ ಇರುವ ದಿನ ನೋಡಿ ಮಾಡಿ. ಇನ್ನೊಂದು, ಪೈಪಿನ ಬುಡ ಒದ್ದೆ ಹೊಯ್ಗೆಯಲ್ಲಿ ಹೂತುಹೋಗುತ್ತದೆ. ಕೆಳಗೆ ಒಂದು ಡಬ್ಬದ ಮುಚ್ಚಳ ಕೂರಿಸಿದ ಮೇಲೆ ಸರಿಯಾಯಿತು.

ಬೇಲಿ ಹಾಕದ ಒಂದು ಕಡೆಯೂ ಅಳೆಯಬೇಕು ಅಂತ ಅಕ್ಕನ ಮಗ ಹೇಳಿದ. ಇಲ್ಲದಿದ್ದರೆ ಕಡಲು ತಣ್ಣಗಿದ್ದ ವರ್ಷದ ಹೆಸರನ್ನು ನಿಮ್ಮ ಬೇಲಿ ತಗೊಳ್ಳುತ್ತದೆ ಅಂದ. ಒಪ್ಪಲೇಬೇಕಾದ ಮಾತು. ಬಡಗಿಗೆ 250 ಮೀಟರ್ ದೂರದಲ್ಲಿ ಒಂದು ಕರೆಂಟ್ ಕಂಬದಿಂದ ಇನ್ನೊಂದು ಗುರುತು ಹಿಡಿದೆವು.

2024 ಜನವರಿ 14: ಮೊದಲ ಬೇಲಿ

ಗಾಳಿ ಮರದ ಕಂಬ 40, ಆರು ಅಡಿಯದ್ದು, ಒಂದಕ್ಕೆ 85ರಂತೆ 3,400. ಕತ್ತದ ಹಗ್ಗ 950. ತೆಂಗಿನ ಮಡಲು ಮೂರೂ ಮನೆಯದ್ದು ಸೇರಿ 130, ಖರ್ಚಿಲ್ಲ. ಕಂಬದಿಂದ ಕಂಬಕ್ಕೆ ಒಂದೂವರೆ ಮೀಟರ್. ಹಾರೆಯಲ್ಲಿ ಎರಡು ಅಡಿ ಗುಂಡಿ ಹೊಡೆದು ನಿಲ್ಲಿಸಿದೆವು. ಒಣ ಹೊಯ್ಗೆಯಲ್ಲಿ ಗುಂಡಿ ತೋಡಿದಷ್ಟೂ ಮುಚ್ಚಿಕೊಳ್ಳುತ್ತದೆ. ಒಂದು ಕೊಡ ನೀರು ಹೊಯ್ದು ತೋಡಿದರೆ ನಿಲ್ಲುತ್ತದೆ. ಈ ಉಪಾಯ ಮಾವನದ್ದು.

ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು. ಒಣ ಹೊಯ್ಗೆ ಕಾಲಿಗೆ ಚುಚ್ಚುವ ಹಾಗೆ ಹಾರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ಬೇಲಿಯ ಕೆಲಸ. ತೆರೆಯನ್ನು ತಡೆಯುವುದು ಇದರ ಕೈಲಿ ಆಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ತಮಾಷೆ ಆಯಿತು. ಮಡಲು ಹೆಣೆದದ್ದು ಅಮ್ಮ ಮತ್ತು ಅಕ್ಕ. ಇಬ್ಬರೂ ಹಿಂದೆ ಮಾಡಿಗೆ ತಟ್ಟಿ ಹೆಣೆದ ಕೈಯವರು. ಮೂರು ದಿನ ನೀರಲ್ಲಿ ನೆನೆಸಿ, ಗರಿಗೆ ಗರಿ ಕೂರಿಸಿ, ಮಳೆ ನೀರೂ ಇಳಿಯದ ಹಾಗೆ ಹೆಣೆದರು. ಕಟ್ಟಿದ ಆರನೇ ದಿನಕ್ಕೆ ಬೇಲಿಯ ಬುಡದಲ್ಲಿ ಹೊಯ್ಗೆ ಕೂರುವ ಬದಲು ಗಟಾರದ ಹಾಗೆ ಕೊರೆದಿತ್ತು. ಗಾಳಿಗೆ ನಾಲ್ಕು ಕಂಬ ವಾಲಿದ್ದವು. ಚೀಲದ ಗೋಡೆಗೆ ನೀರು ಮಾಡಿದ್ದನ್ನೇ ಇಲ್ಲಿ ಗಾಳಿ ಮಾಡಿತ್ತು. ಬೇಲಿ ಅರ್ಧ ಮುಚ್ಚಿ ಅರ್ಧ ತೆರೆದಿರಬೇಕು. ಆಗ ಗಾಳಿ ದಾಟಿ ಹೋಗುತ್ತದೆ, ದಾಟುವಾಗ ಸುಸ್ತಾಗಿ ಹೊಯ್ಗೆಯನ್ನು ಅಲ್ಲೇ ಬಿಟ್ಟು ಹೋಗುತ್ತದೆ.

ಒಂದು ಬಿಟ್ಟು ಒಂದು ಗರಿ ಕೀಳಬೇಕು ಅಂದೆ. "ಚಂದ ಮಾಡಿ ಹೆಣೆದದ್ದನ್ನು ಹರಿ ಅಂತಿಯಲ್ಲ, ಮೊದಲೇ ಹೇಳುಕೆ ಆಯ್ಲಿಲ್ಯಾ?" ಅಂತ ಅಮ್ಮ ಎರಡು ದಿನ ಮಾತಾಡಲಿಲ್ಲ. ನಿಜ, ಮೊದಲೇ ಹೇಳಬೇಕಿತ್ತು. ನನಗೇ ಗೊತ್ತಿರಲಿಲ್ಲ.

ಗರಿ ಕಿತ್ತ ಮೇಲೆ ವಾರದಲ್ಲಿ ಬುಡದ ಗಟಾರ ತುಂಬಿತು. ಎರಡನೇ ವಾರ ಮೊಣಕಾಲ ಕೆಳಗಿನವರೆಗೆ ಹೊಯ್ಗೆ.

ಹರಿದುಹೋದ ಹಳೆಯ ನೈಲಾನ್ ಬಲೆ ಪುಕ್ಕಟೆ ಸಿಕ್ಕಿತೆಂದು ಒಂದು ಹತ್ತು ಮೀಟರಿಗೆ ಅದನ್ನೂ ಕಟ್ಟಿ ನೋಡಿದೆ. ಏಡಿಗಳು ಸಿಕ್ಕಿಬಿದ್ದವು, ಒಂದು ನಾಯಿಮರಿಯ ಕಾಲು ಸಿಕ್ಕಿತು. ನಾಲ್ಕೇ ದಿನದಲ್ಲಿ ಬಿಚ್ಚಿ ಹಾಕಿದೆ.

2024 ಫೆಬ್ರವರಿ 11: ಆಮೆಯ ಗೆರೆ

ಭಾನುವಾರ ಬೆಳಿಗ್ಗೆ ಕೋಲು ಹಿಡಿದು ಹೋದಾಗ ಕಡಲಿನಿಂದ ನೇರ ಬೇಲಿಯವರೆಗೆ ಒಂದು ಗೆರೆ. ಮುಕ್ಕಾಲು ಮೀಟರ್ ಅಗಲ, ನಡುವೆ ಹೊಟ್ಟೆ ಎಳೆದ ನುಣುಪು, ಎರಡೂ ಬದಿಗೆ ಅಡ್ಡ ಅಡ್ಡ ಈಜುಕಾಲಿನ ಗುರುತು. ಬೇಲಿ ಮುಟ್ಟಿ, ಬೇಲಿಯ ಉದ್ದಕ್ಕೇ ತೆಂಕಿಗೆ ಏಳೆಂಟು ಮೀಟರ್ ಹೋಗಿ, ಅಲ್ಲಿಂದ ಕಡಲಿಗೆ ತಿರುಗಿ ಹೋಗಿತ್ತು. ಮೊಟ್ಟೆ ಇಟ್ಟಿರಲಿಲ್ಲ.

ಆಲಿವ್ ರಿಡ್ಲಿ ಆಮೆ. ನಮ್ಮ ದಂಡೆಗೆ ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುವುದು ಚಿಕ್ಕಂದಿನಿಂದ ಗೊತ್ತಿತ್ತು. ಬೇಲಿ ಹಾಕುವಾಗ ಮಾತ್ರ ಮೂವರಿಗೂ ನೆನಪಾಗಲಿಲ್ಲ. ಗೊತ್ತಿದ್ದೂ ಮರೆತದ್ದಾದ್ದರಿಂದ ಇದು ಚೀಲಕ್ಕಿಂತ ಜಾಸ್ತಿ ಚುಚ್ಚಿತು.

ಅವತ್ತೇ ಬೇಲಿ ಬಿಚ್ಚಲು ಕೂತೆವು. 58 ಮೀಟರ್ ಒಂದೇ ಗೆರೆ ಇದ್ದದ್ದನ್ನು ಮೂರು ಮೂರು ಮೀಟರಿನ ತುಂಡು ಮಾಡಿ, ಒಂದು ಮುಂದೆ ಒಂದು ಹಿಂದೆ, ಸ್ವಲ್ಪ ಓರೆಯಾಗಿ ನಿಲ್ಲಿಸಿದೆವು. ತುಂಡಿನಿಂದ ತುಂಡಿಗೆ ಒಂದೂವರೆ ಮೀಟರ್ ಸಂದು. ಎರಡು ದಿನದ ಕೆಲಸ ಹೆಚ್ಚಾಯಿತು. ಹೊಯ್ಗೆ ಹಿಡಿಯುವುದರಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮಾರ್ಚ್ ಮೊದಲ ವಾರ ಒಂದು ಗೆರೆ ಸಂದಿನಲ್ಲಿ ದಾಟಿ ದಿಬ್ಬದವರೆಗೆ ಹೋಗಿತ್ತು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು, ಬಂದು ನೋಡಿಕೊಂಡರು.

ಮಾರ್ಚ್ 10ರ ಅಮಾವಾಸ್ಯೆಯ ಉಬ್ಬರಕ್ಕೆ ಮುಂದಿನ ಸಾಲಿನ ಆರು ಕಂಬ ಹೋದವು, 510 ರೂಪಾಯಿ. ಕೊರೆತದ ಅಂಚಿನಿಂದ ಐದು ಮೀಟರ್ ಮುಂದೆ ನೆಟ್ಟಿದ್ದೆ, ದುರಾಸೆ. ಎರಡರಿಂದ ಮೂರು ಮೀಟರ್ ಒಳಗೆ ಇದ್ದವು ಅಲುಗಲಿಲ್ಲ. ಒಣಗಿದ ಕಸ, ತೆಂಗಿನ ಚಿಪ್ಪು ಸಾಲಾಗಿ ಬಿದ್ದಿರುತ್ತದಲ್ಲ, ಅಮಾವಾಸ್ಯೆಯ ಉಬ್ಬರ ಮುಟ್ಟಿದ ಗೆರೆ ಅದು. ಅದಕ್ಕಿಂತ ಮುಂದೆ ಒಂದು ಕಂಬವೂ ಬೇಡ.

ಮೇ 10ಕ್ಕೆ ಅಳೆದಾಗ ಬೇಲಿಯ ಸಾಲಿನಲ್ಲಿ ಅತಿ ಎತ್ತರದ ಕಡೆ 55 ಸೆಂಟಿಮೀಟರ್, ಅಗಲ ಮೂರು ಮೀಟರ್ ದಿಬ್ಬ ಎದ್ದಿತ್ತು. ಒರಟು ಲೆಕ್ಕಕ್ಕೆ 40 ಘನ ಮೀಟರ್. ಚೀಲಕ್ಕೆ ನಾವು ತೋಡಿ ತುಂಬಿದ್ದು 12.

2024 ಜೂನ್ ಮತ್ತು ಸೆಪ್ಟೆಂಬರ್: ಬಳ್ಳಿ

ಮೇ ಕೊನೆಗೆ ಕಂಬ ಕಿತ್ತು ಒಳಗಿಟ್ಟೆವು. ಜೂನ್ ಮೊದಲ ಮಳೆಗೆ ಅಡಂಬು ಬಳ್ಳಿ ನೆಟ್ಟೆವು. ಆಡಿನ ಗೊರಸಿನ ಹಾಗೆ ಎಲೆ ಸೀಳಿರುತ್ತದೆ, ನೇರಳೆ ಹೂ, ದಂಡೆಯ ಮೇಲೆ ಹರಡಿಕೊಳ್ಳುತ್ತದೆ, ನೋಡದವರಿಲ್ಲ. ಸ್ವಲ್ಪ ದೂರದ ಒಂದು ಗಟ್ಟಿ ದಿಬ್ಬದಿಂದ ತುದಿಗಳನ್ನು ಮಾತ್ರ ಕತ್ತರಿಸಿ ತಂದೆವು. ಅಲ್ಲಿನ ಬಳ್ಳಿಯನ್ನು ಬುಡಸಮೇತ ಕಿತ್ತರೆ ಆ ದಿಬ್ಬಕ್ಕೆ ನಾನು ಮತ್ತೊಂದು ಚೀಲದ ಗೋಡೆ ಆಗುತ್ತಿದ್ದೆ. ಒಂದೂವರೆ ಅಡಿ ಉದ್ದ, ನಾಲ್ಕು ಗೆಣ್ಣು ಇರುವ ತುಂಡು 250. ಆಟೋ ಬಾಡಿಗೆ ಎರಡು ಸಲಕ್ಕೆ 600.

ಜೂನ್‌ನಲ್ಲಿ ನೆಟ್ಟದ್ದು ಹೊಸ ದಿಬ್ಬದ ಮುಖದಲ್ಲಿ, ಕಡಲ ಕಡೆಗೆ. ಬೇರು ಹಿಡಿಯುವ ಮೊದಲೇ ಜುಲೈ 21ರ ಹುಣ್ಣಿಮೆ ಬಂತು. ಉಳಿದದ್ದು ಹಿಂಬದಿಯಲ್ಲಿದ್ದ ಮೂವತ್ತು ನಲವತ್ತು.

ಸೆಪ್ಟೆಂಬರ್ ಕೊನೆಗೆ ಮತ್ತೆ 300 ನೆಟ್ಟೆವು, ಈ ಸಲ ಅಂಚಿನ ಮೇಲೆ ಮತ್ತು ಹಿಂದೆ. ಅರ್ಧ ಅಡಿ ಆಳದ ಸಾಲು ತೋಡಿ, ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಮೂರು ವಾರ ಸಂಜೆ ಬಾವಿ ನೀರು. ನಡುನಡುವೆ ರಾವಣನ ಮೀಸೆ ಹುಲ್ಲಿನ ತುಂಡು. ಅದನ್ನು ಕೈಗವಸು ಇಲ್ಲದೆ ಮುಟ್ಟಬೇಡಿ, ಸೂಜಿಯ ಹಾಗೆ ಚುಚ್ಚುತ್ತದೆ. 300ರಲ್ಲಿ 210 ಹಿಡಿಯಿತು. ಮೀಸೆ ಹುಲ್ಲು ಕಾಲು ಪಾಲು ಕೂಡ ಬರಲಿಲ್ಲ. ನಾನು ತಂದ ತುಂಡು ಒಣಗಿತ್ತೋ, ನೆಟ್ಟ ರೀತಿ ತಪ್ಪೋ, ಮುಂದಿನ ವರ್ಷ ನೋಡಬೇಕು ಅಂತ ಬರೆದಿಟ್ಟೆ.

ಗಾಳಿ ಮರದ ಸಸಿ ನೆಡಿ ಅಂತ ತುಂಬಾ ಜನ ಹೇಳಿದರು. ನೆಡಲಿಲ್ಲ. ಅದರ ಅಡಿಯಲ್ಲಿ ಉದುರಿದ ಸೂಜಿ ಎಲೆ ಚಾಪೆಯ ಹಾಗೆ ಕೂತು ಬೇರೇನೂ ಬೆಳೆಯುವುದಿಲ್ಲ. ಕೊರೆತ ಬಂದಾಗ ಮೊದಲು ಮಗುಚುವುದೂ ಅದೇ. ನಮಗೆ ಅದರ ಕಂಬ ಸಾಕು.

2024ರ ಮಳೆಗಾಲ ಮುಗಿದ ಮೇಲೆ ಬಾವಿಕಟ್ಟೆಯಿಂದ ಅಂಚಿಗೆ 12.6 ಮೀಟರ್. ಹೋದದ್ದು 0.9. ಬೇಲಿ ಇಲ್ಲದ ಕರೆಂಟ್ ಕಂಬದ ಗುರುತಿನಲ್ಲಿ ಹೋದದ್ದು 2.3. ಎದ್ದಿದ್ದ 40 ಘನ ಮೀಟರಿನ ದಿಬ್ಬ ಪೂರ್ತಿ ಹೋಗಿತ್ತು, ಒಂದು ಹಿಡಿ ಉಳಿದಿರಲಿಲ್ಲ. ಅದು ಹೋಗಲೆಂದೇ ಇದ್ದದ್ದು. ಅಂಗಳದ ಬದಲು ಕಡಲು ಅದನ್ನು ತಿಂದಿತು.

ಒಂದು ಕಡೆ ಮಾತ್ರ ನೀರು ಒಳಗೆ ಬಂತು, ದೋಣಿ ದಾರಿಯಲ್ಲಿ. ಅಕ್ಕನ ಮನೆಯವರ ನಾಡದೋಣಿ ಎಳೆಯಲು ನಾಲ್ಕು ಮೀಟರ್ ಜಾಗವನ್ನು ನೆಟ್ಟಗೆ ಕಡಲಿಗೆ ಬಿಟ್ಟಿದ್ದೆವು. ತೆರೆ ಅದರಲ್ಲಿ ಓಡಿ ಬಂದು ಅವರ ಹಟ್ಟಿಯವರೆಗೆ ಮುಟ್ಟಿತು. ದಾರಿಯನ್ನು ಓರೆಯಾಗಿ ಬಿಡಬೇಕಿತ್ತು. ಈಗ ಬಡಗಿಗೆ ವಾಲಿಸಿ ಬಿಟ್ಟಿದ್ದೇವೆ. ದೋಣಿ ಎಳೆಯುವವರಿಗೆ ಸ್ವಲ್ಪ ಕಷ್ಟ, ಗೊಣಗುತ್ತಾರೆ.

2025: ಮಳೆ ಬೇಗ ಬಂತು

ಜನವರಿಯಲ್ಲಿ ಎರಡನೇ ಸಲ ಬೇಲಿ. ಈಗ ಕೈ ಪಳಗಿತ್ತು, ಮೂರು ದಿನಕ್ಕೆ ಮುಗಿಯಿತು. ಅಮ್ಮ ಬೇಕೆಂದೇ ಸಡಿಲವಾಗಿ ಹೆಣೆದರು, ಮುಖ ಮಾತ್ರ ಹುಳಿ.

ಮೇ 25, 26ಕ್ಕೆ ಕಂಬ ಕೀಳುವುದು ಅಂತ ಕ್ಯಾಲೆಂಡರಿನಲ್ಲಿ ಬರೆದಿತ್ತು. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ಎಂಟು ದಿನ ಮೊದಲೇ. ಅದಕ್ಕೂ ಮುಂಚಿನಿಂದಲೇ ಅರಬ್ಬಿ ಕಡಲಲ್ಲಿ ವಾಯುಭಾರ ಕುಸಿತ. ಮೇ 27ಕ್ಕೆ ಅಮಾವಾಸ್ಯೆ. ಕಡಲ ಮುನ್ಸೂಚನೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ಎತ್ತರದ ಅಲೆ ಎಚ್ಚರಿಕೆ ಫೋನಿಗೆ ಬಂದಿತ್ತು, ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು, ನಾಳೆ ನೋಡೋಣ ಅಂದೆ. 22 ಕಂಬ ಹೋದವು. ಹೋದದ್ದಕ್ಕಿಂತ ಬೇಸರ ಅಂದರೆ ಅದರಲ್ಲಿ ಒಂದು ಕಂಬ ತೆಂಕಿನವರ ಬಲೆಗೆ ಸಿಕ್ಕಿ ಬಲೆ ಹರಿಯಿತು. ಬಲೆ ಹೊಲಿಸಿ ಕೊಟ್ಟೆ ಅನ್ನುವುದಕ್ಕಿಂತ, ಅವರು ಹೊಲಿದರು, ನಾನು ಚಹಾ ತರಿಸಿದೆ. ಹೊಸ ಕಂಬಕ್ಕೆ 90ರಂತೆ 1,980.

ಇನ್ನು ಮೇ 10 ದಾಟಿಸುವುದಿಲ್ಲ.

ಆದರೆ ಬಳ್ಳಿ ನಿಂತಿತು. ಅಂಚಿನ ಮೇಲಿದ್ದ ಬಳ್ಳಿ ಕೊರೆದ ಮುಖದಿಂದ ಕೆಳಕ್ಕೆ ಜೋತುಬಿದ್ದು, ಆಗಸ್ಟ್‌ನಲ್ಲಿ ಪರದೆಯ ಹಾಗೆ ಕಾಣುತ್ತಿತ್ತು. ಒಂದು ಬಳ್ಳಿ ಅಳೆದೆ, 5.4 ಮೀಟರ್. ಬಿಡಿ ಹೊಯ್ಗೆ ಕುಸಿಯುವಲ್ಲಿ ಬಳ್ಳಿ ಇದ್ದ ಕಡೆ ದಪ್ಪೆ ಹಿಡಿದು ನಿಂತಿತ್ತು. ಅಕ್ಟೋಬರಿನ ಅಳತೆ 11.8, ಹೋದದ್ದು 0.8. ಕರೆಂಟ್ ಕಂಬದ ಕಡೆ 1.9. ಅಲ್ಲಿನ ದಂಡೆ ನಮ್ಮದಕ್ಕಿಂತ ಸ್ವಲ್ಪ ಕಡಿದಾಗಿದೆ, ಹಾಗಾಗಿ ಪೂರ್ತಿ ವ್ಯತ್ಯಾಸ ಬೇಲಿಯದ್ದೇ ಅಂತ ನಾನು ಎದೆ ತಟ್ಟುವುದಿಲ್ಲ. ಎರಡು ಮಳೆಗಾಲ ಅಂದರೆ ಎರಡೇ ಅಂಕಿ.

ಬರುವ ಅಂಕಿಯೂ ಕಳೆಯುವುದೇ ಇರಬಹುದು. ವರ್ಷಕ್ಕೆ 80 ಸೆಂಟಿಮೀಟರ್ ಹೋದರೆ ಬಾವಿಗೆ ಹದಿನಾಲ್ಕು ಹದಿನೈದು ವರ್ಷ. 3.7 ಹೋದರೆ ಮೂರೇ ವರ್ಷ.

ಒಟ್ಟು ಖರ್ಚು: ಚೀಲ ಮತ್ತು ಚೀಲ ಹೆಕ್ಕಿದ್ದು 7,720. ಬೇಲಿ ಮತ್ತು ಬಳ್ಳಿ, ಎರಡು ವರ್ಷಕ್ಕೆ, ಒಟ್ಟು 7,440, ಅದನ್ನು ಮೂರು ಮನೆ ಹಂಚಿಕೊಂಡದ್ದು. ನಮ್ಮ ಮೈಕೈ ನೋವಿನ ಕೂಲಿ ಹಾಕಿಲ್ಲ.

ಈ ವಾರ

60 ಮಡಲು ಕೆರೆಯಲ್ಲಿ ನೆನೆಯುತ್ತಿದೆ. ಮೀಸೆ ಹುಲ್ಲನ್ನು ಈ ಸಲ ಕಿತ್ತ ದಿನವೇ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟಿದ್ದೇನೆ, 40 ತುಂಡಲ್ಲಿ 17 ಚಿಗುರಿದೆ. ತೆಂಕಿಗೆ ಮಾವನ ಆಚೆಯ ಎರಡು ಮನೆಯವರು ಅಳತೆ ಕೋಲು ಕೇಳಿಕೊಂಡು ಬಂದಿದ್ದರು. ಅವರು ಸೇರಿದರೆ 95 ಮೀಟರ್ ಆಗುತ್ತದೆ. ತುದಿ ಅಷ್ಟು ದೂರಕ್ಕೆ ಹೋಗುತ್ತದೆ.

ಬಿದ್ದ ಮರದ ಬದಲಿಗೆ ಮಾವ ಕೊನೆಗೂ ಒಂದು ತೆಂಗಿನ ಸಸಿ ನೆಟ್ಟಿದ್ದಾರೆ. ಎಲ್ಲಿ ಅಂತ ಹೋಗಿ ನೋಡಿದೆ. ಮನೆಯ ಹಿಂದೆ, ಮೂಡು ಬದಿಯಲ್ಲಿ, ದನದ ಕೊಟ್ಟಿಗೆಯ ಪಕ್ಕ.